ಕೋವಿ ಕೂತ ಮರೆಯಲ್ಲಿ ಕ್ಯಾಮೆರಾ

ಡಿಸೆಂಬರ್ ಶುರುವಾದರೆ ಸಾಕು, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಏರಿಯ ಮೇಲೆ ರಜೆ ದಿನ ಬೆಳಿಗ್ಗೆ ಮೈಸೂರು, ಬೆಂಗಳೂರು ಕಡೆಯ ಕಾರುಗಳು ಕಾಣಿಸುತ್ತವೆ. ಇಳಿಯುವವರ ಹೆಗಲ ಮೇಲೆ ಮೊಳದುದ್ದದ ಲೆನ್ಸು, ಮೈಮೇಲೆ ಮಿಲಿಟರಿಯವರ ಥರ ಮಚ್ಚೆ ಮಚ್ಚೆ ಅಂಗಿ. ಅವರು ಬರುವುದು ಪಟ್ಟೆತಲೆ ಹೆಬ್ಬಾತಿಗಾಗಿ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ದೊಡ್ಡ ಬಾತು ಅದು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಚಳಿಗಾಲ ಕಳೆಯಲು ನಮ್ಮ ಕೆರೆಗಳಿಗೆ ಬರುತ್ತದೆ. ಪತ್ರಿಕೆಗಳಲ್ಲಿ ಪ್ರತಿ ವರ್ಷ ‘ವಿದೇಶಿ ಅತಿಥಿಗಳ ಆಗಮನ’ ಎಂಬ ತಲೆಬರಹ ತಪ್ಪುವುದಿಲ್ಲ.

ಹದಿನಾರು ಅಂದರೆ ಸಾಮಾನ್ಯ ಊರಲ್ಲ. ಮೈಸೂರು ಒಡೆಯರ ವಂಶದ ಕಥೆ ಶುರುವಾಗುವುದೇ ಇಲ್ಲಿಂದ. 1399ರಲ್ಲಿ ಯದುರಾಯ ಬಂದದ್ದು, ಕಾರುಗಹಳ್ಳಿಯ ಮಾರನಾಯಕನನ್ನು ಸೋಲಿಸಿ ಇಲ್ಲಿನ ರಾಜಕುಮಾರಿ ದೇವಾಜಮ್ಮಣ್ಣಿಯನ್ನು ಮದುವೆಯಾದದ್ದು, ಇದನ್ನೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಕಥೆ ಹುಡುಕಿಕೊಂಡು ಬರುವವರು ಕಡಿಮೆ. ಹಕ್ಕಿ ಹುಡುಕಿಕೊಂಡು ಬರುವವರೇ ಜಾಸ್ತಿ.

ಏರಿ ಮೇಲೆ ಸ್ವಲ್ಪ ಹೊತ್ತು ನಿಂತರೆ ಒಂದು ತಮಾಷೆ ನೋಡಬಹುದು. ಎಮ್ಮೆ ಹೊಡೆದುಕೊಂಡು ಹೋಗುವವರು ನೀರಂಚಿನಲ್ಲೇ ಹೋಗುತ್ತಾರೆ. ಬಟ್ಟೆ ಒಗೆಯುವವರು ಕಲ್ಲಿಗೆ ಬಟ್ಟೆ ಬಡಿಯುತ್ತಲೇ ಇರುತ್ತಾರೆ. ಹೆಬ್ಬಾತುಗಳು ಒಮ್ಮೆ ಕತ್ತು ಎತ್ತಿ ನೋಡಿ ಮತ್ತೆ ಮೇಯುತ್ತವೆ. ಅದೇ ಮಚ್ಚೆ ಅಂಗಿಯವರು ಕಾರಿನಿಂದಿಳಿದು, ಬಗ್ಗಿ, ಒಂದೊಂದೇ ಹೆಜ್ಜೆ ಇಡುತ್ತಾ ಹತ್ತಿರ ಹೋಗಲಿ, ಇಡೀ ಹಿಂಡು ಕೂಗುತ್ತಾ ಮೇಲೇಳುತ್ತದೆ. ಹಕ್ಕಿಗೆ ಅಂಗಿಯ ಬಣ್ಣ ಮುಖ್ಯವಲ್ಲ. ತನ್ನ ಪಾಡಿಗೆ ಹೋಗುವವನು ಯಾರು, ತನ್ನನ್ನೇ ನೋಡುತ್ತಾ ನಿಂತು ನಿಂತು ಬರುವವನು ಯಾರು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಬೇಟೆ ಪ್ರಾಣಿ ನಡೆಯುವುದೂ ಹಾಗೆ ತಾನೆ?

ಈ ತೊಂದರೆಗೆ ಹಕ್ಕಿ ಚಿತ್ರ ತೆಗೆಯುವವರು ಕಂಡುಕೊಂಡ ಉಪಾಯದ ಹೆಸರು ಹೈಡ್. ಕಿಂಡಿ ಬಿಟ್ಟ ಒಂದು ಪುಟ್ಟ ಗೂಡಾರವೋ ಗುಡಿಸಲೋ ತಡಿಕೆಯೋ ಏನೋ ಒಂದು. ಒಳಗೆ ಕೂತವನು ಹಕ್ಕಿಗೆ ಕಾಣುವುದಿಲ್ಲ, ಹಕ್ಕಿ ಅವನಿಗೆ ಕಾಣುತ್ತದೆ. ದೇಶ ವಿದೇಶದ ಪಕ್ಷಿಧಾಮಗಳಲ್ಲಿ ಇವನ್ನು ಕಟ್ಟಿ ಟಿಕೆಟ್ ಇಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಪದ ಹುಡುಕಬೇಕಾಗಿಲ್ಲ. ನಾವು ಮರೆ ಅನ್ನುತ್ತೇವೆ, ಮಲೆನಾಡಿನವರು ಮರಸು ಅನ್ನುತ್ತಾರೆ. ಮರಸು ಕೂರುವುದು ಅಂದರೆ ಕಾಡುಪ್ರಾಣಿ ಬರುವ ದಾರಿಯಲ್ಲಿ ಕೋವಿ ಹಿಡಿದು ಅಡಗಿ ಕಾಯುವುದು. ಈ ಮರೆಯ ಚರಿತ್ರೆ ಶುರುವಾಗುವುದು ಅಲ್ಲಿಂದಲೇ, ಕೊಲ್ಲುವವರಿಂದ.

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಬೇಟೆಯ ಬಗೆಗಳೂ ವಿಸ್ತಾರವಾಗಿ ಬರುತ್ತವೆ. ರಾಜರದ್ದು ವಿನೋದ, ಹೊಟ್ಟೆಪಾಡಿನವರದ್ದು ಬೇರೆ. ಮಹಾರಾಷ್ಟ್ರ ಕಡೆಯ ಫಾಸೆಪಾರ್ಧಿ ಬೇಟೆಗಾರರು ಪಳಗಿಸಿದ ಹಸುವಿನ ಮರೆಯಲ್ಲಿ ನಡೆದು ಕೌಜುಗ, ಪುರಲೆ ಹಕ್ಕಿಗಳನ್ನು ಉರುಲಿನ ಕಡೆಗೆ ಓಡಿಸುತ್ತಿದ್ದರು. ಹಸು ಮೇಯುತ್ತಾ ಬಂದರೆ ಹಕ್ಕಿ ಹಾರುವುದಿಲ್ಲ ಎಂಬ ಗುಟ್ಟು ಅವರಿಗೆ ಗೊತ್ತಿತ್ತು. ಹದಿನಾರು ಕೆರೆಯಲ್ಲಿ ಎಮ್ಮೆ ಕಂಡು ಹೆಬ್ಬಾತು ಹಾರುವುದಿಲ್ಲವಲ್ಲ, ಅದೇ ಗುಟ್ಟು.

ನಮ್ಮ ಹೊಲಗಳಲ್ಲಿ ನಡೆಯುತ್ತಿದ್ದದ್ದು ಇದಕ್ಕೆ ತದ್ವಿರುದ್ಧ. ಜೋಳ, ರಾಗಿ ತೆನೆ ಕಟ್ಟಿದಾಗ ಅಟ್ಟಣೆ ಹಾಕಿ, ಕವಣೆ ಬೀಸಿ, ತಗಡು ಬಡಿದು ಹಕ್ಕಿ ಓಡಿಸುತ್ತಿದ್ದೆವು. ಅಟ್ಟಣೆಯ ಮೇಲಿದ್ದವನು ಹಕ್ಕಿಗೆ ಚೆನ್ನಾಗಿ ಕಾಣಬೇಕು. ಅವನು ಊಟಕ್ಕೆ ಹೋದಾಗ ಅವನ ಹರಕಲು ಅಂಗಿ ತೊಟ್ಟ ಬೆರ್ಚಪ್ಪ ಕಾಣಬೇಕು. ಬೆರ್ಚಪ್ಪ ಮನುಷ್ಯನಲ್ಲದಿದ್ದರೂ ಮನುಷ್ಯನ ಹಾಗೆ ನಿಲ್ಲುತ್ತಾನೆ. ಹೈಡ್‌ನೊಳಗಿನವನು ಮನುಷ್ಯನಾಗಿದ್ದೂ ಅಲ್ಲದವನ ಹಾಗೆ ಕೂರುತ್ತಾನೆ. ಇಬ್ಬರಲ್ಲಿ ಬೆರ್ಚಪ್ಪನೇ ಪ್ರಾಮಾಣಿಕ ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಕ್ಯಾಮೆರಾ ಈ ಕಥೆಯೊಳಗೆ ಬಂದದ್ದೂ ಕೋವಿಯ ವೇಷದಲ್ಲೇ. 1882ರಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್-ಜೂಲ್ ಮಾರೇ ಹಕ್ಕಿ ಹಾರುವಾಗ ರೆಕ್ಕೆ ಹೇಗೆ ಆಡುತ್ತದೆ ಎಂದು ತಿಳಿಯಲು ಒಂದು ಯಂತ್ರ ಮಾಡಿದ. ನೋಡಲು ಅದು ಬಂದೂಕಿನ ಹಾಗೇ ಇತ್ತು. ಹಿಡಿ, ನಳಿಗೆ, ಕುದುರೆ ಎಲ್ಲ ಇದ್ದವು. ಗುರಿಯಿಟ್ಟು ಒತ್ತಿದರೆ ಗುಂಡಿನ ಬದಲು ಸೆಕೆಂಡಿಗೆ 12 ಚಿತ್ರ. ಫೋಟೊ ತೆಗೆಯುವುದಕ್ಕೆ ನಾವು ಇವತ್ತಿಗೂ ‘ಶೂಟ್ ಮಾಡೋದು’ ಅನ್ನುತ್ತೇವಲ್ಲ, ಆ ಮಾತಿನ ನಂಟು ಅಷ್ಟು ಹಳೆಯದು.

ಆದರೆ ಮಾರೇ ತೆಗೆದದ್ದು ಬಯಲಿನಲ್ಲಿ ಹಾರುವ ಹಕ್ಕಿಯನ್ನು. ಮರೆಯೊಳಗೆ ಕ್ಯಾಮೆರಾ ಹೊಕ್ಕ ಕಥೆಗೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿನ ಯಾರ್ಕ್‌ಶೈರ್ ಎಂಬ ಹಳ್ಳಿಗಾಡಿನಿಂದ ಬಂದ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರು 1892ರ ಏಪ್ರಿಲ್‌ನಲ್ಲಿ ಮೊಟ್ಟೆಯಿಟ್ಟ ಗೂಡೊಂದರ ಚಿತ್ರ ತೆಗೆದರು. ಗೂಡು ಓಡಿಹೋಗುವುದಿಲ್ಲ, ಸರಿ. ಹಕ್ಕಿ? ಅದಕ್ಕಾಗಿ ಅವರು ಟೊಳ್ಳು ಮರದ ಬೊಡ್ಡೆಯಂಥ ಮರೆ ಮಾಡಿದರು, ಹುಲ್ಲಿನ ಮೆದೆಯಂಥದ್ದು ಮಾಡಿದರು. ಕೊನೆಗೆ ಒಂದು ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಹೊಟ್ಟೆಯೊಳಗೆ ಒಬ್ಬ ಮನುಷ್ಯ ಕ್ಯಾಮೆರಾ ಸಮೇತ ನಿಲ್ಲುವ ಹಾಗೆ ಮಾಡಿ ಹೊಲದಲ್ಲಿ ನಿಲ್ಲಿಸಿದರು. ಒಳಗೆ ಬಗ್ಗಿ ನಿಂತು ನಿಂತು ತಲೆಸುತ್ತು ಬಂದು, ಎತ್ತು ಸಮೇತ ಕಾಲು ಮೇಲಾಗಿ ಬಿದ್ದ ಪ್ರಸಂಗವೂ ಇದೆ. ಫಾಸೆಪಾರ್ಧಿಯವರ ಹಸು, ಇವರ ಎತ್ತು. ಒಬ್ಬರು ಇನ್ನೊಬ್ಬರನ್ನು ನೋಡಿಲ್ಲ. ಹಕ್ಕಿಯ ಸ್ವಭಾವ ಎಲ್ಲ ಕಡೆ ಒಂದೇ ಆದ್ದರಿಂದ ಉಪಾಯವೂ ಒಂದೇ ಆಯಿತು.

ಆಮೇಲೆ ಎತ್ತು ಹೋಗಿ ಕ್ಯಾನ್ವಾಸ್ ಬಟ್ಟೆಯ ನಾಲ್ಕು ಕೋಲಿನ ಗೂಡಾರ ಬಂತು. ಅದರ ಜೊತೆ ಒಂದು ಚಾಲಾಕಿತನವೂ ಬಂತು. ಮರೆಯೊಳಗೆ ಇಬ್ಬರು ಹೋಗುವುದು, ಒಬ್ಬ ಎಲ್ಲರಿಗೂ ಕಾಣುವ ಹಾಗೆ ವಾಪಸ್ ಬರುವುದು. ಹಕ್ಕಿಗೆ ಲೆಕ್ಕ ಬರುವುದಿಲ್ಲ, ಬಂದವನು ಹೋದ ಎಂದುಕೊಂಡು ಗೂಡಿಗೆ ಮರಳುತ್ತದೆ. ಈ ವಿದ್ಯೆಯಲ್ಲಿ ಹೆಸರಾದ ಇಂಗ್ಲೆಂಡಿನ ಎರಿಕ್ ಹೊಸ್ಕಿಂಗ್‌ಗೆ ಮಾತ್ರ 1937ರಲ್ಲಿ ಒಂದು ಗೂಬೆ ಲೆಕ್ಕ ತಪ್ಪಲಿಲ್ಲ. ಕತ್ತಲಲ್ಲಿ ಮರೆಯ ಹತ್ತಿರ ಹೋದವನ ಮುಖಕ್ಕೆ ಎರಗಿತು, ಒಂದು ಕಣ್ಣು ಹೋಯಿತು. ಅವನು ಉಳಿದ ಒಂದೇ ಕಣ್ಣಿನಲ್ಲಿ ಬಹಳ ವರ್ಷ ಹಕ್ಕಿಗಳ ಚಿತ್ರ ತೆಗೆದ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಆ ಕಾಲದ ಚಿತ್ರಗಳೆಲ್ಲ ಯಾಕೆ ಗೂಡಿನವೇ? ದೂರದ ಹಕ್ಕಿಯನ್ನು ಹತ್ತಿರಕ್ಕೆ ಎಳೆಯುವ ಲೆನ್ಸ್ ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಫಿಲ್ಮಿಗೆ ಬೆಳಕು ಜಾಸ್ತಿ ಬೇಕು, ಫ್ಲಾಶ್ ಬೆಳಕು ಕೆಲವೇ ಅಡಿ ತಲುಪುತ್ತದೆ. ಹಾಗಾಗಿ ಹಕ್ಕಿ ಹತ್ತು ಹದಿನೈದು ಅಡಿಯೊಳಗೆ ಬರಲೇಬೇಕು, ಅದೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು. ಅಂಥ ಜಾಗ ಗೂಡು ಒಂದೇ. ಮರಿ ಹಸಿದು ಬಾಯಿ ತೆರೆದಿದ್ದರೆ ತಾಯಿ ಎಷ್ಟು ಭಯವಿದ್ದರೂ ಬಂದೇ ಬರುತ್ತದೆ. ಚಿತ್ರಗಾರನ ಕೆಲಸ ನಡೆಯುತ್ತಿದ್ದದ್ದು ಆ ತಾಯಿಯ ಸಂಕಟದ ಮೇಲೆ. ಇದನ್ನು ಬಿಟ್ಟು ಬರೀ ಸುಂದರ ಚಿತ್ರಗಳ ಚರಿತ್ರೆ ಹೇಳಿದರೆ ಅರ್ಧ ಹೇಳಿದ ಹಾಗೆ.

ನಮ್ಮ ದೇಶದ ಕಡೆಗೆ ಬರೋಣ. ಆಗ ಕೆರೆ ಅಂದರೆ ಸಾಹೇಬರಿಗೆ, ರಾಜರಿಗೆ ಬಾತುಬೇಟೆಯ ಮೈದಾನ. ರಾಜಸ್ಥಾನದ ಭರತಪುರದಲ್ಲಿ ನೀರಿನ ನಡುವೆ ಬೇಟೆಗಾರರು ಮರೆಯಲ್ಲಿ ನಿಲ್ಲುವ ಕಟ್ಟೆಗಳೇ ಇದ್ದವು. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಸಮೇತ ಬಂದ ಬೇಟೆಗಾರರು ಒಂದೇ ದಿನ 4,273 ಹಕ್ಕಿ ಹೊಡೆದರು. ನಾಚಿಕೆಯಿಲ್ಲದೆ ಅದನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ, ಈಗಲೂ ಓದಬಹುದು. ಇವತ್ತು ಆ ಜಾಗ ರಾಷ್ಟ್ರೀಯ ಉದ್ಯಾನ, ಕೋವಿಗಳ ಜಾಗದಲ್ಲಿ ಕ್ಯಾಮೆರಾಗಳು.

ಅದಾದ ಎರಡೇ ವರ್ಷಕ್ಕೆ ಮೈಸೂರು ಸಂಸ್ಥಾನದಲ್ಲಿ ಬೇರೆ ಥರದ್ದು ನಡೆಯಿತು. ಸಲೀಂ ಅಲಿ 1939-40ರಲ್ಲಿ ಮೈಸೂರಿನ ಹಕ್ಕಿಗಳ ಸಮೀಕ್ಷೆಗೆ ಬಂದರು. ಅವರ ಕೈಯಲ್ಲೂ ಕೋವಿಯಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಕ್ಕಿಯನ್ನು ಹೊಡೆದು, ಚರ್ಮ ತುಂಬಿ, ಅಳೆದು ಗುರುತಿಸುವುದೇ ಆಗಿನ ವಿಜ್ಞಾನದ ರೀತಿ. ಅದೇ ಮನುಷ್ಯ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿ ಗೂಡು ಕಟ್ಟಿರುವುದನ್ನು ಕಂಡು, ಇದನ್ನು ಉಳಿಸಿ ಎಂದು ಮೈಸೂರು ಸರ್ಕಾರದ ಬೆನ್ನುಹತ್ತಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ತಿಟ್ಟುಗಳಾದರೂ ಬರೀ ಪ್ರಕೃತಿ ಮಾಡಿದ್ದಲ್ಲ. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಲಗಳಿಗೆ ನೀರು ಹಾಯಿಸಲು ಕಾವೇರಿಗೆ ಅಣೆ ಕಟ್ಟಿದ್ದರಿಂದ ಆದವು ಎನ್ನುತ್ತಾರೆ. ರೈತರಿಗೆಂದು ಕಟ್ಟಿದ ಅಣೆಯಿಂದ ಹಕ್ಕಿಗೆ ಮನೆಯಾಯಿತು. ಆ ಮನೆ 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದರೆ ಜಗತ್ತು ಗುರುತಿಸಿದ ಜೌಗು ಪ್ರದೇಶ ಅನ್ನಿಸಿಕೊಂಡಿತು.

ರಂಗನತಿಟ್ಟಿನಲ್ಲಿ ಚಿತ್ರ ತೆಗೆದವರಿಗೆ ಕ್ಯಾನ್ವಾಸ್ ಗೂಡಾರಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ದೋಣಿ. ದಿನವೂ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ, ಹುಟ್ಟು ಹಾಕುತ್ತಾ ಬಂದು ಹೋಗುವ ದೋಣಿಯನ್ನು ಬಣ್ಣದ ಕೊಕ್ಕರೆಗಳೂ ಚಮಚದ ಕೊಕ್ಕುಗಳೂ ಹೆದರದೆ ನೋಡುತ್ತವೆ. ನದಿ ರೀವ ಬಂಡೆ ಬಿಟ್ಟು ಏಳುವುದಿಲ್ಲ. ಮೊಸಳೆಯೂ ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಎಲ್ಲಿ ಹುಟ್ಟು ಎತ್ತಬೇಕು, ಎಲ್ಲಿ ದೋಣಿ ತಾನಾಗಿ ತೇಲಲು ಬಿಡಬೇಕು, ಬಿಸಿಲು ಯಾವ ಹೊತ್ತಿಗೆ ಯಾವ ತಿಟ್ಟಿನ ಮೇಲೆ ಬೀಳುತ್ತದೆ ಎಂಬುದೆಲ್ಲ ದೋಣಿ ನಡೆಸುವವರಿಗೆ ಬಾಯಿಪಾಠ. ರಂಗನತಿಟ್ಟಿನ ಎಷ್ಟೋ ಒಳ್ಳೆಯ ಚಿತ್ರಗಳ ಅರ್ಧ ಯಶಸ್ಸು ಅವರದು. ಚಿತ್ರದ ಕೆಳಗೆ ಅವರ ಹೆಸರು ಇರುವುದಿಲ್ಲ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ತಗ್ಗಿನ ಗೂಡುಗಳಿಗೆ ನೀರು ನುಗ್ಗುತ್ತದೆ. ಚಿತ್ರಗಾರರು ಮನೆಗೆ ಹೋಗುತ್ತಾರೆ, ದೋಣಿಯವರು ದಡದಲ್ಲಿ ನಿಂತು ನೋಡುತ್ತಾರೆ.

ಹೊರದೇಶದಲ್ಲಿ ಪಕ್ಷಿಧಾಮ ಮತ್ತು ಹೈಡ್ ಒಟ್ಟಿಗೆ ಬೆಳೆದದ್ದಕ್ಕೆ ಒಂದು ಉದಾಹರಣೆ ಹೇಳಲೇಬೇಕು, ಯಾಕೆಂದರೆ ಅದೂ ಹೆಬ್ಬಾತಿನ ಕಥೆ. ಪೀಟರ್ ಸ್ಕಾಟ್ ಎಂಬ ಇಂಗ್ಲಿಷ್ ಚಿತ್ರಕಾರ ಹರೆಯದಲ್ಲಿ ದೊಡ್ಡ ಬಾತುಬೇಟೆಗಾರ. ಎರಡನೇ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಸ್ಲಿಂಬ್ರಿಜ್ ಎಂಬ ನದೀಬಯಲಿನಲ್ಲಿ, ಶತ್ರು ಬಂದರೆ ಗುಂಡು ಹಾರಿಸಲೆಂದು ಕಟ್ಟಿದ್ದ ಕಾಂಕ್ರೀಟ್ ಗೂಡೊಂದರ ಕಿಂಡಿಯಿಂದ ಅವನು ಹೆಬ್ಬಾತುಗಳನ್ನು ನೋಡಿದ. 1946ರಲ್ಲಿ ಅಲ್ಲೇ ನೀರುಹಕ್ಕಿಗಳಿಗಾಗಿ ಒಂದು ಟ್ರಸ್ಟ್ ಕಟ್ಟಿದ. ಜನ ದುಡ್ಡು ಕೊಟ್ಟು ಬಂದು ಮರೆಯಲ್ಲಿ ಕೂತು ಕಾಡು ಹೆಬ್ಬಾತು ನೋಡುವ ರೂಢಿ ಅಲ್ಲಿಂದ ಬಲವಾಯಿತು. ಕೋವಿ ಹಿಡಿದವರಿಗೇ ಹಕ್ಕಿಯ ನಡೆ ಚೆನ್ನಾಗಿ ಗೊತ್ತಿರುತ್ತದೆ. ಅವರು ಮನಸ್ಸು ಬದಲಿಸಿದರೆ ಒಳ್ಳೆಯ ಕಾವಲುಗಾರರಾಗುತ್ತಾರೆ. ನಮ್ಮ ಕಡೆಯ ಹಳೆಯ ಬೇಟೆಗಾರರ ಮಕ್ಕಳು ಮೊಮ್ಮಕ್ಕಳಿಗೆ ಈ ಮಾತು ಯಾರೂ ಹೇಳಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆ ಕಲಿತ ಮೊದಲ ತಲೆಮಾರುಗಳಲ್ಲಿ ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ (1932–2017) ಇದ್ದರು. ಸಂಡೂರಿನ ಎಂ.ವೈ. ಘೋರ್ಪಡೆ (1931–2011) ಇದ್ದರು. ಘೋರ್ಪಡೆ ಹೆಸರು ನಿಮಗೆ ಬೇರೆ ಕಡೆ ಗೊತ್ತಿರಬಹುದು. ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿ, ಆಮೇಲೆ ಗ್ರಾಮೀಣಾಭಿವೃದ್ಧಿ ಮಂತ್ರಿ. ಇವತ್ತು ನಾವು ನೀವು ಓಟು ಹಾಕುವ ಗ್ರಾಮ ಪಂಚಾಯ್ತಿಗೆ ರೂಪ ಕೊಟ್ಟ 1993ರ ಪಂಚಾಯತ್ ರಾಜ್ ಕಾಯ್ದೆ ಬಂದದ್ದು ಅವರ ಅವಧಿಯಲ್ಲಿ. ಅದೇ ಮನುಷ್ಯ ಕಾಡಿನಲ್ಲಿ, ಕುರುಚಲಲ್ಲಿ ಗಂಟೆಗಟ್ಟಲೆ ಕಾದು ಚಿತ್ರ ತೆಗೆಯುತ್ತಿದ್ದರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕಾಫಿ ತೋಟದ ನಡುವೆ ಹಕ್ಕಿ ಚಿತ್ರ ತೆಗೆದು, ‘ಹಕ್ಕಿ ಪುಕ್ಕ’, ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ಬರೆದು, ಇಂಗ್ಲಿಷ್ ಬರದವರ ಕೈಗೂ ಹಕ್ಕಿಗಳನ್ನು ತಲುಪಿಸಿದರು. ಹಳ್ಳಿ ಶಾಲೆಗಳ ಮಕ್ಕಳಿಗೆ ಮಿಂಚುಳ್ಳಿಯ ಬಗ್ಗೆ ಮಾತಾಡಲು ಅವರಿಂದ ಧೈರ್ಯ ಬಂತು ಅಂದರೆ ಹೆಚ್ಚಲ್ಲ.

ಆ ಕಾಲದಲ್ಲಿ ಒಂದು ರೋಲಿನಲ್ಲಿ 36 ಚಿತ್ರ. ತೊಳೆಸುವವರೆಗೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ದುಡ್ಡಿದ್ದವರ ಹವ್ಯಾಸ, ನಿಜ. ಆದರೆ ರೋಲು ದುಬಾರಿಯಾದ್ದರಿಂದಲೇ ಕಾಯುವ ತಾಳ್ಮೆ ಬೆಳೆಯಿತು.

ಇದೇ ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. ಗೂಡು ಚೆನ್ನಾಗಿ ಕಾಣಲೆಂದು ಸುತ್ತಲಿನ ಎಲೆ ಕಡಿಯುವುದು, ಅಡ್ಡ ಕೊಂಬೆ ಕಟ್ಟಿಹಾಕುವುದು, ಮರದ ಮೇಲಿನ ಗೂಡನ್ನು ಕೊಂಬೆ ಸಮೇತ ತಗ್ಗಿಗೆ ಇಳಿಸುವುದು ಕೆಲವರ ರೂಢಿಯಾಗಿತ್ತು. ನೆರಳು ಹೋದರೆ ಪುಕ್ಕ ಬಾರದ ಮರಿಗೆ ನಮ್ಮ ಕಡೆಯ ಮಾರ್ಚ್ ಬಿಸಿಲು ಒಂದು ಗಂಟೆ ಸಾಕು. ಬಿಸಿಲು ಬಿಟ್ಟರೆ ಕಾಗೆ ನೋಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಅಂದರೆ ಕಾನೂನಿನ ಲೆಕ್ಕದಲ್ಲಿ ಗೂಡು ಕೆದಕಿದ ಕ್ಯಾಮೆರಾದವನೂ ಬೇಟೆಗಾರನೇ. ಈಗ ಹಲವು ಫೋಟೊ ಸ್ಪರ್ಧೆಗಳು ಗೂಡಿನ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ. ತಡವಾಗಿ ಬಂದ ಬುದ್ಧಿ, ಬಂತಲ್ಲ.

ಮರೆಯೇ ಬೇಡದ ಊರೂ ನಮ್ಮ ಪಕ್ಕದಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆ ಮುಂದಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ, ಮೇಲಿಂದ ಮೀನಿನ ವಾಸನೆಯ ಹಿಕ್ಕೆ ಬೀಳುತ್ತಿರುತ್ತದೆ. ಪ್ಲೇಗಿನ ಕಾಲದಲ್ಲಿ ಊರು ಶಿಂಷಾ ದಡದಿಂದ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಊರವರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಹೊರಗಿನವರಿಗೆ ತಿಳಿಸುವವರೆಗೆ ಊರವರಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಹಿಕ್ಕೆ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಗೂಡಿದ್ದ ಮರದ ಹುಣಸೆಹಣ್ಣು ಬಡಿಯದೆ ಬಿಡುವುದು ನಷ್ಟವೇ, ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಆಮೇಲೆ ಬಂತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗೆ ಮರೆಯಾಗಿರುವುದು ಊರಿನ ದಿನಚರಿಯೇ. ರಂಗನತಿಟ್ಟಿನಲ್ಲಿ ದೋಣಿಯ ದಿನಚರಿ, ಹದಿನಾರಿನಲ್ಲಿ ಎಮ್ಮೆಯ ದಿನಚರಿ. ನಮ್ಮ ಕಡೆ ಹೈಡ್ ಇಲ್ಲ ಅಂತ ಹೊರಗಿನವರು ಮೂಗು ಮುರಿಯುವಾಗ ನನಗೆ ಹೇಳಬೇಕೆನ್ನಿಸುವುದು ಇದನ್ನೇ. ಇಲ್ಲಿ ನೂರಾರು ವರ್ಷದಿಂದ ಹೈಡ್ ಇತ್ತು, ಅದರೊಳಗೆ ಕೂತವರಿಗೆ ಕ್ಯಾಮೆರಾ ಇರಲಿಲ್ಲ ಅಷ್ಟೆ.

ಈ ಲೆಕ್ಕವನ್ನು ಬುಡಮೇಲು ಮಾಡಿದ್ದು ಡಿಜಿಟಲ್ ಕ್ಯಾಮೆರಾ ಮತ್ತು ಫೋನು. ಉದ್ದ ಲೆನ್ಸ್ ಬಾಡಿಗೆಗೂ ಸಿಗತೊಡಗಿತು, ರೋಲಿನ ಖರ್ಚು ಇಲ್ಲವಾಯಿತು. ಒಂದು ಬೆಳಿಗ್ಗೆ ಸಾವಿರ ಚಿತ್ರ ತೆಗೆದು ಸಂಜೆ ಒಂಬೈನೂರು ಅಳಿಸಬಹುದು. ಗೂಡಿನ ಹತ್ತಿರ ಹೋಗುವ ಅಗತ್ಯ ಕಡಿಮೆಯಾಯಿತು, ಅದು ಒಳ್ಳೆಯದೇ. ಅದರ ಜೊತೆ ಕಾಯುವ ಅಗತ್ಯವೂ ಹೋಯಿತು. ವಾಟ್ಸಾಪಿನಲ್ಲಿ ಒಂದು ಲೊಕೇಶನ್ ಬಿದ್ದರೆ ಮಾರನೆಯ ದಿನ ಹತ್ತು ಕಾರು. ಇನ್ನೊಂದು ಕಡೆ ಹೈಡ್ ವ್ಯಾಪಾರವಾಗಿ ತಿರುಗಿ ಬಂತು. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಹಕ್ಕಿಗಳು ನೀರು ಕುಡಿದು ಮೀಯಲು ಪುಟ್ಟ ತೊಟ್ಟಿಗಳನ್ನಿಟ್ಟು, ಎದುರು ಕೂತು ಚಿತ್ರ ತೆಗೆಯುವ ವ್ಯವಸ್ಥೆ ಹೆಸರುವಾಸಿ. ನೀರಿಡುವುದರಲ್ಲಿ ತಪ್ಪಿಲ್ಲ, ನಮ್ಮ ಅಜ್ಜಿಯರೂ ಬೇಸಿಗೆಯಲ್ಲಿ ಇಡುತ್ತಿದ್ದರು. ಹುಳು ಹಾಕಿ ಕರೆಯುವುದು, ಕೂಗು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿ ಗಂಡು ಹಕ್ಕಿಯನ್ನು ರೇಗಿಸಿ ಹೊರಗೆಳೆಯುವುದು ನನಗೆ ಸರಿ ಕಾಣುವುದಿಲ್ಲ. ಉರುಲಿನ ಬೇಟೆಗಾರರೂ ಹಾಗೇ ಕೂಗಿ ಕರೆಯುತ್ತಿದ್ದರು.

ಹದಿನಾರಿಗೆ ವಾಪಸ್ ಬಂದರೆ, ಇಲ್ಲಿ ಹೆಬ್ಬಾತು ಗೂಡು ಕಟ್ಟುವುದಿಲ್ಲ. ಹಾಗಾದರೆ ಎಬ್ಬಿಸಿದರೆ ಏನು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಈ ಹಕ್ಕಿ ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿ ನಮ್ಮಂಥವರಿಗೆ ನಡೆಯಲೂ ಉಸಿರು ಸಾಲದು. ವಾಪಸ್ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಅದು ಇಲ್ಲಿ ತುಂಬಿಕೊಳ್ಳಬೇಕು. ರಾತ್ರಿ ಮತ್ತು ನಸುಕಿನಲ್ಲಿ ಗದ್ದೆ ಬಯಲಿನಲ್ಲಿ ಮೇಯುತ್ತದೆ, ಹಗಲು ಕೆರೆಯಲ್ಲಿ ಸುಧಾರಿಸಿಕೊಳ್ಳುತ್ತದೆ. ಹಗಲೆಲ್ಲ ಎಬ್ಬಿಸುತ್ತಾ ಇದ್ದರೆ ತಿಂದದ್ದೆಲ್ಲ ಇಲ್ಲೇ ಹಾರಿ ಖರ್ಚು.

ಚಿತ್ರಕ್ಕೂ ನಷ್ಟವೇ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಅಕ್ಷರವಿರುವ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕ್ಯಾಮೆರಾಗೆ ಸಿಕ್ಕಿವೆ. ಆ ಅಕ್ಷರ ಓದಲು ಬಂದರೆ ಈ ಹಕ್ಕಿ ಯಾವ ಸರೋವರದ್ದು, ಯಾವ ವರ್ಷ ಹಿಡಿದು ಬಿಟ್ಟದ್ದು ಎಲ್ಲ ತಿಳಿಯುತ್ತದೆ. ನೆಮ್ಮದಿಯಾಗಿ ನಿಂತ ಹಕ್ಕಿಯ ಕೊರಳು ಓದಬಹುದು. ಗಾಬರಿಯಲ್ಲಿ ಹಾರುವ ಹಿಂಡಿನ ಚಿತ್ರ ಫೇಸ್‌ಬುಕ್ಕಿಗೆ ಚೆಂದ, ಓದುವುದಕ್ಕೆ ಏನೂ ಇರುವುದಿಲ್ಲ.

ಗದ್ದೆಯವರ ಮಾತನ್ನೂ ಆಡಬೇಕು. ಕೊಯ್ದ ಗದ್ದೆಯ ಕೂಳೆ, ಉದುರಿದ ಕಾಳು ತಿಂದರೆ ಯಾರಿಗೂ ಬೇಜಾರಿಲ್ಲ. ಎಳೆ ಪೈರಿಗೆ ಬಾಯಿ ಹಾಕಿದರೆ ನಷ್ಟ ಯಾರದು? ಚಿತ್ರ ತೆಗೆದವರದಲ್ಲ. ನಮ್ಮ ಕಡೆ ಕೆರೆಯೊಂದಕ್ಕೆ ಎಷ್ಟು ಯಜಮಾನರು ನೋಡಿ: ಮೀನಿನ ಗುತ್ತಿಗೆ ಒಬ್ಬರದು, ತೂಬಿನ ನೀರು ಇನ್ನೊಂದು ಇಲಾಖೆಯದು, ಹಕ್ಕಿ ಅರಣ್ಯ ಇಲಾಖೆಯದು, ಏರಿ ಮೇಲಿನ ಪ್ಲಾಸ್ಟಿಕ್ ಮಾತ್ರ ಊರಿನದು. ಕಬಿನಿ, ಕಾವೇರಿ ನಾಲೆಗಳ ನೀರು ಹರಿಯುವ ನಂಜನಗೂಡು, ತಿ. ನರಸೀಪುರದ ಬಯಲಿನಲ್ಲಿ ಇಂಥ ಕೆರೆಗಳು ಒಂದಲ್ಲ ಎರಡಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇದೇ ಹೆಬ್ಬಾತಿಗೆ ಹೆಸರಾದದ್ದು, 2024ರಲ್ಲಿ ಅದಕ್ಕೆ ರಾಮ್ಸರ್ ಪಟ್ಟ ಸಿಕ್ಕಿತು. ನಮ್ಮ ಕೆರೆಗಳಿಗೆ ಪಟ್ಟ ಸಿಗುವವರೆಗೆ ಕಾಯಬೇಕಾಗಿಲ್ಲ. ಒಂದು ಮರೆ ಕಟ್ಟುವುದಕ್ಕೆ ದಿಲ್ಲಿಯಿಂದ ಕಾಗದ ಬರಬೇಕೆ?

ಕಟ್ಟುವುದಾದರೆ ಹೇಗೆ? ಬೆಳಗಿನ ಬಿಸಿಲು ಬೆನ್ನಿಗೆ ಬೀಳುವ ಹಾಗೆ ಕೆರೆಯ ಪೂರ್ವ ದಡದಲ್ಲಿ. ಬಿದಿರು ಗಳ ನೆಟ್ಟು, ತೆಂಗಿನ ಗರಿ ಹೆಣೆದ ತಡಿಕೆ ಕಟ್ಟಿ, ಮೇಲೆ ಸೋಗೆ ಹೊದಿಸಿದರೆ ಸಾಕು. ಕಾಂಕ್ರೀಟೂ ಬೇಡ, ಹಸಿರು ಪೇಂಟಿನ ತಗಡೂ ಬೇಡ, ತಗಡು ಬಿಸಿಲಿಗೆ ಸದ್ದು ಮಾಡುತ್ತದೆ. ಕಿಂಡಿ ಕೂತವರ ಕಣ್ಣಿನ ಮಟ್ಟಕ್ಕಿರಲಿ, ನಿಂತರೆ ತಲೆ ಕಾಣುತ್ತದೆ. ಹಿಂದಿನಿಂದ ಒಳಗೆ ಬರುವ ದಾರಿಗೂ ಎರಡು ಕಡೆ ತಡಿಕೆ ಇರಬೇಕು. ಇಲ್ಲದಿದ್ದರೆ ಮರೆ ಚೆನ್ನಾಗಿದ್ದೂ ದಾರಿಯಲ್ಲೇ ಹಕ್ಕಿ ಎದ್ದುಹೋಗುತ್ತದೆ. ಹೊತ್ತು ಮೂಡುವ ಮುಂಚೆ ಒಳಗೆ ಹೋಗಿ, ನಡುವೆ ಎದ್ದು ಬರಬಾರದು. ಹಳೆಯ ಚಾಲಾಕಿತನವೂ ಕೆಲಸಕ್ಕೆ ಬರುತ್ತದೆ, ಇಬ್ಬರು ಹೋಗಿ ಒಬ್ಬರು ವಾಪಸ್ ಬರುವುದು. ಆ ವಾಪಸ್ ಬರುವವರು ಕೆರೆಯಲ್ಲಿ ದಿನಾ ಓಡಾಡುವ ಊರಿನವರೇ ಆಗಿರಲಿ, ಹಕ್ಕಿಗೆ ಅವರ ನಡಿಗೆ ಗೊತ್ತು. ಕೂಲಿ ಅವರಿಗೆ ಸಿಗಲಿ. ಒಳಗೆ ಕೂರುವವರು ಕೊಡುವ ದುಡ್ಡು ಪಂಚಾಯ್ತಿ ಲೆಕ್ಕಕ್ಕೆ ಬರಲಿ, ಪೈರು ಹೋದ ಗದ್ದೆಗೆ ಅದರಿಂದ ಏನು ಕೊಡಬೇಕೆಂದು ಗ್ರಾಮಸಭೆ ತೀರ್ಮಾನಿಸಲಿ. ಘೋರ್ಪಡೆಯವರ ಕಾಯ್ದೆ ಇಂಥದ್ದಕ್ಕೂ ಬಳಕೆಯಾದರೆ ಅವರೊಳಗಿನ ಫೋಟೊಗ್ರಾಫರಿಗೂ ಖುಷಿಯಾಗುತ್ತಿತ್ತೇನೋ.

ಮಾರ್ಚ್ ಮುಗಿಯುವಷ್ಟರಲ್ಲಿ ಹೆಬ್ಬಾತುಗಳು ಹೊರಟುಹೋಗುತ್ತವೆ. ಕೆರೆಯಲ್ಲಿ ನಾಮದಕೋಳಿ, ಗುಳುಮುಳುಕ, ನೀರುಕಾಗೆ, ಬೆಳ್ಳಕ್ಕಿ ಉಳಿಯುತ್ತವೆ. ಕಾರುಗಳು ಬರುವುದು ನಿಲ್ಲುತ್ತದೆ. ತಡಿಕೆ ಕಟ್ಟಲು ಸರಿಯಾದ ಹೊತ್ತು ಅದೇ. ನವೆಂಬರಿನಲ್ಲಿ ಕಟ್ಟಿದರೆ ಹೆಬ್ಬಾತುಗಳಿಗೆ ಅದು ಹೊಸದಾಗಿ ಕಂಡು ಆ ದಡದ ಕಡೆ ಸುಳಿಯುವುದಿಲ್ಲ. ಬೇಸಿಗೆಯಲ್ಲಿ ಕಟ್ಟಿ ಬಿಟ್ಟರೆ ಒಂದು ಮಳೆಗಾಲ ನೆನೆದು, ಬಣ್ಣಗೆಟ್ಟು, ಬಳ್ಳಿ ಹಬ್ಬಿ, ಬೆಳ್ಳಕ್ಕಿಗಳು ಅದರ ಮೇಲೆ ಕೂತು ಹಿಕ್ಕೆ ಹಾಕಿರುತ್ತವೆ. ಚಳಿಗಾಲದಲ್ಲಿ ಮಂಗೋಲಿಯಾದಿಂದ ಇಳಿಯುವ ಹಿಂಡಿನ ಕಣ್ಣಿಗೆ ಅದು ಕೆರೆಯಂಚಿನ ಇನ್ನೊಂದು ಪೊದೆ.